ನಜ್ಮುನ್ನೀಸಾ ಕೋಟೆ ನೋಡಲು ಹೋದದ್ದು

ಆರ್.ಟಿ. ನಗರದ ಒಂದು ಒಳಬೀದಿಯಲ್ಲಿ ‘ಫಾಲ್, ಪೀಕೋ, ಕುಚ್ಚು’ ಎಂದು ಬರೆದ ತಗಡಿನ ಬೋರ್ಡು ತೂಗುತ್ತದೆ. ಅದರ ಹಿಂದಿನ ಮುಂಗೋಣೆಯಲ್ಲಿ ನಜ್ಮುನ್ನೀಸಾ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಸೀರೆ ಕೊಟ್ಟವರಿಗೆ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಓಡಾಡಿಸುವ ಅಭ್ಯಾಸ ಆಕೆಗಿಲ್ಲ. ಗುರುವಾರ ಎಂದರೆ ಗುರುವಾರ. ಹಾಗಾಗಿ ಬೀದಿಯ ಕೊನೆಯಲ್ಲಿ ದೊಡ್ಡ ಟೈಲರಿಂಗ್ ಅಂಗಡಿ ಬಂದ ಮೇಲೂ ಹೆಂಗಸರು ಇವಳ ಹತ್ತಿರವೇ ಬರುತ್ತಾರೆ.

ಆಕೆಗೆ ಮದುವೆಯಾಗಲಿಲ್ಲ. ಕಾರಣ ದೊಡ್ಡದೇನಲ್ಲ. ನಿಶ್ಚಯವಾದ ವರ್ಷವೇ ತಂದೆ ತೀರಿಕೊಂಡರು, ಗಂಡಿನ ಕಡೆಯವರು ಕಾಯಲಿಲ್ಲ. ತಮ್ಮ ವಾಜಿದ್ ಆಗ ಶಾಲೆಯಲ್ಲಿದ್ದ. ಅವನ ಓದು ಮುಗಿದು, ಶಿವಾಜಿನಗರದಲ್ಲಿ ಬಿಡಿಭಾಗಗಳ ಅಂಗಡಿಯಾಗಿ, ಮದುವೆಯಾಗಿ, ಅವನು ಮಹಡಿಯ ಮನೆಗೆ ಹೋಗುವ ಹೊತ್ತಿಗೆ ತಾಯಿಗೆ ಲಕ್ವಾ ಹೊಡೆಯಿತು. ಕೆಳಗಿನ ಮನೆಯಲ್ಲಿ ತಾಯಿಯೂ ಮಗಳೂ ಉಳಿದರು. ವಾಜಿದನ ಸಂಸಾರ ಊಟಿಗೋ ಮೈಸೂರಿಗೋ ಹೊರಟಾಗೆಲ್ಲ ಗೇಟು ಹಾಕಿಕೊಳ್ಳಲು ಒಬ್ಬರು ಬೇಕಿತ್ತು. ಆ ಒಬ್ಬರು ಯಾವಾಗಲೂ ನಜ್ಮುನ್ನೀಸಾ.

ಹಾಗೆಂದು ಮನೆಯಲ್ಲಿ ಆಕೆಯ ಮಾತು ನಡೆಯುತ್ತಿರಲಿಲ್ಲ ಎಂದಲ್ಲ. ವಾಜಿದನ ದೊಡ್ಡ ಮಗಳು ರೂಬಿಯ ಸಂಬಂಧ ಕುದುರಿಸಿದವಳೇ ಇವಳು. ಆ ಬಂಧುಬಳಗದಲ್ಲಿ ಹೆಣ್ಣು ತೋರಿಸಲು ಒಂದು ರೀತಿಯಿದೆ. ಗಂಡಿನವರು ಮನೆಗೆ ಬಂದು, ಬೇಡವೆಂದು ಹೋದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಎರಡೂ ಮನೆಯವರು ಒಂದೇ ದಿನ ಒಂದೇ ಜಾಗಕ್ಕೆ ತಿರುಗಾಟಕ್ಕೆ ಹೋಗುತ್ತಾರೆ. ‘ಅರೆ, ನೀವಿಲ್ಲಿ!’ ಎಂದು ಒಬ್ಬರು ಕೂಗುತ್ತಾರೆ. ಚಾಪೆಗಳು ಪಕ್ಕಪಕ್ಕಕ್ಕೆ ಬರುತ್ತವೆ. ಎರಡು ಮನೆಗೂ ಸಾಲುವ ಬಿರಿಯಾನಿಯ ದೊಡ್ಡ ಪಾತ್ರೆಯನ್ನು, ಅಂದರೆ ದೇಗ್ಚಿಯನ್ನು, ಹೆಣ್ಣಿನವರು ತಂದಿರುತ್ತಾರೆ. ಗಂಡಿನ ಕಡೆಯ ಹಿರಿಯ ಹೆಂಗಸು ಹುಡುಗಿಯ ಕೈಯಿಂದ ನೀರು ಕೇಳಿ ಕುಡಿಯುತ್ತಾಳೆ. ಒಪ್ಪಿಗೆಯಾಗದಿದ್ದರೆ ಯಾರೂ ಯಾರನ್ನೂ ನೋಡಿರಲಿಲ್ಲ ಎಂದೇ ಲೆಕ್ಕ.

ರೂಬಿಯನ್ನು ಜಕ್ಕೂರು ಕೆರೆಯ ಹತ್ತಿರ ತೋರಿಸಿದಾಗ ನಜ್ಮುನ್ನೀಸಾ ಒಂದು ಷರತ್ತು ಹಾಕಿದ್ದಳು. ಹುಡುಗಿಗೆ ಹಿಂದಿನ ದಿನವೇ ಹೇಳಬೇಕು. “ಕುರಿ ಸಂತೆಗೆ ಹೊಡ್ಕೊಂಡ್ ಹೋಗ್ವಾಗ ಕುರಿಗೆ ಹೇಳ್ಬೇಕಿಲ್ಲ. ಇವಳಿಗೆ ಹೇಳ್ಬೇಕು,” ಎಂದಿದ್ದಳು. ವಾಜಿದನ ಹೆಂಡತಿ ಮಲ್ಕಾ ಗೊಣಗಿದರೂ ಒಪ್ಪಿದಳು. ಅಂದಿನಿಂದ ಅದು ಆ ಮನೆಯ ನಿಯಮವಾಯಿತು.

ನಜ್ಮುನ್ನೀಸಾಳ ತಾಯಿ ತೀರಿಕೊಂಡು ವರ್ಷ ಕಳೆದ ಮೇಲೆ ಒಂದು ಸಂಜೆ ಅಫ್ರೀನ್ ಕೆಳಗಿಳಿದು ಬಂದಳು. ವಾಜಿದನ ಕಿರಿಯ ಮಗಳು, ಬಿ.ಕಾಂ. ಓದುತ್ತಿದ್ದಾಳೆ. ಚಿಕ್ಕಂದಿನಿಂದ ಮಹಡಿಯಲ್ಲಿದ್ದದ್ದಕ್ಕಿಂತ ಇವಳ ಯಂತ್ರದ ಬದಿಯಲ್ಲಿ ಬೆಳೆದದ್ದೇ ಹೆಚ್ಚು. ಇವಳು ಬಾಯಿಬಿಟ್ಟು ನಗುತ್ತಿದ್ದದ್ದು ಆ ಹುಡುಗಿಯ ಮುಂದೆ ಮಾತ್ರ.

“ಫುಪ್ಪು, ನೀವು ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಎಲ್ಲಿಗೆ ಹೋಗ್ತೀರಾ?” ಎಂದು ಕೇಳಿದಳು. ಸೋದರತ್ತೆಯನ್ನು ಆ ಮನೆಯಲ್ಲಿ ಫುಪ್ಪು, ಅಕ್ಕನನ್ನು ಆಪಾ ಎನ್ನುತ್ತಾರೆ.

“ಯಾಕೆ, ನನ್ನ ಓಡಿಸ್ತೀಯಾ?”

“ತಮಾಷೆ ಬೇಡ. ಹೇಳಿ.”

ಇಂಥ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಆದರೂ ಉತ್ತರ ತಡವಾಗಲಿಲ್ಲ. ದೇವನಹಳ್ಳಿ ಕೋಟೆ. ತಂದೆ ಲಾರಿಯಲ್ಲಿ ಆ ಕಡೆ ಹೋದಾಗಲೆಲ್ಲ ಚಕ್ಕೋತ ತರುತ್ತಿದ್ದರು. ತೊಳೆ ಬಿಡಿಸುತ್ತಾ ಕೋಟೆಯ ಗೋಡೆ ಎಷ್ಟು ದಪ್ಪ ಎಂದು ಕೈ ಅಗಲಿಸಿ ತೋರಿಸುತ್ತಿದ್ದರು. ಬರುವಾಗ ಜಕ್ಕೂರಿನಲ್ಲಿ ಪುಟ್ಟ ವಿಮಾನ ಏರುವುದನ್ನೂ ನೋಡಬೇಕು.

“ಇಷ್ಟೇನಾ? ಇಲ್ಲೇ ಪಕ್ಕದಲ್ಲಿ!” ಎಂದು ಅಫ್ರೀನ್ ನಕ್ಕಳು. ಇವಳೂ ನಕ್ಕಳು. “ಹಂಗೇ ನಗ್ತಾ ಇರಿ,” ಎಂದು ಹುಡುಗಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಕನ್ನಡಕ ಹಣೆಗೇರಿತ್ತು, ಕೊರಳಲ್ಲಿ ಅಳತೆ ಟೇಪು ಇತ್ತು.

ಆ ಭಾನುವಾರಕ್ಕೆ ಬಾಡಿಗೆ ಕಾರು ಗೊತ್ತಾಯಿತು. ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಬ್ಲೌಸ್ ಕೇಳಲು ಬಂದಾಗ ನಜ್ಮುನ್ನೀಸಾ ತಾನಾಗಿಯೇ ಹೇಳಿದಳು. “ಭಾನುವಾರ ನಾನು ಇರಲ್ಲ. ನಮ್ಮೋರು ನನ್ನ ಟೂರ್ ಕರ್ಕೊಂಡ್ ಹೋಗ್ತಾರೆ.”

“ಅಯ್ಯೋ ಶಿವನೇ, ನೀನು ಟೂರಾ? ಮನೆ ಯಾರು ಕಾಯ್ತಾರೆ?”

“ನೀನೇ ಕಾಯಿ.”

“ಕಾಯ್ತೀನಿ. ಕೂಲಿಗೆ ಒಂದು ಚಕ್ಕೋತ ತಂದ್ಕೊಡು. ಒಳಗೆ ಕೆಂಪಗಿರ್ಬೇಕು, ನೋಡಿ ತಗೋ.”

ಹೊರಡುವ ಬೆಳಿಗ್ಗೆ ಮಲ್ಕಾ ಹೊಸ ದುಪಟ್ಟಾ ತಂದು ಇವಳ ಹೆಗಲಿಗೆ, ಹಳೆಯದರ ಮೇಲೇ ಹೊದಿಸಿದಳು. ಪಿಸ್ತಾ ಬಣ್ಣ, ಅಂಚಿಗೆ ಜರಿ. “ಇಷ್ಟು ದಿನ ಎಲ್ಲರಿಗೂ ಹೊಲ್ದಿದ್ದಾಯ್ತು ಆಪಾ, ಇವತ್ತು ನೀವು ಹಾಕ್ಕೊಳ್ಳಿ,” ಎಂದಳು. ಮಲ್ಕಾ ಇಷ್ಟು ಮೃದುವಾಗಿ ಮಾತಾಡಿದ್ದು ನೆನಪಿಲ್ಲ. ಮಗ ಆತಿಫನ ಮದುವೆ ಗೊತ್ತಾದ ಸಂತೋಷವಿರಬೇಕು ಎಂದು ನಜ್ಮುನ್ನೀಸಾ ಅಂದುಕೊಂಡಳು.

ಕಾರಿನಲ್ಲಿ ದೇಗ್ಚಿಯನ್ನು ಇವಳ ಕಾಲ ಬಳಿ ಇಟ್ಟರು. ತುಳುಕದ ಹಾಗೆ ಎರಡು ಕೈಯಿಂದಲೂ ಹಿಡಿದುಕೊಳ್ಳಬೇಕಾಯಿತು. “ಏನೇ ಮಲ್ಕಾ, ನಾವಿರೋದು ನಾಲ್ಕು ಜನ. ಇಷ್ಟು ಯಾರು ತಿಂತಾರೆ?”

“ಹೊರಗೆ ಗಾಳಿಗೆ ಹಸಿವಾಗುತ್ತೆ ಆಪಾ.”

ರೂಬಿಯ ಸಲ ಇದೇ ದೇಗ್ಚಿಯನ್ನು ಇವಳೇ ಹೊತ್ತಿದ್ದಳು. ಕೈಗೆ ಭಾರ ತಿಳಿಯಿತು. ಆದರೆ ಆ ಹೊತ್ತಿಗೆ ಹೆಬ್ಬಾಳದ ಮೇಲ್ಸೇತುವೆಯಿಂದ ಕೆರೆ ಕಾಣಿಸಿತು, ಅಫ್ರೀನ್ ಇವಳ ಹೆಗಲಿಗೆ ತಲೆಯಿಟ್ಟಳು. ಭಾರದ ವಿಚಾರ ಅಲ್ಲಿಗೇ ನಿಂತಿತು.

ದೇವನಹಳ್ಳಿಯಲ್ಲಿ ಕೋಟೆಯ ಬಾಗಿಲು ದಾಟಿ ಒಳಗೆ ಹೋದರು. ಗೋಡೆ ತಂದೆ ತೋರಿಸುತ್ತಿದ್ದುದಕ್ಕಿಂತಲೂ ದಪ್ಪವಿತ್ತು. ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯ ಮೇಲಿನ ಕೆತ್ತನೆಯನ್ನು ಬೀದಿಯಲ್ಲೇ ನಿಂತು ನೋಡಿದಳು. ಬುರುಜಿನ ಮೆಟ್ಟಿಲು ಸವೆದಿತ್ತು. ವಾಜಿದ್ ಕೈಹಿಡಿದು ಹತ್ತಿಸಿದ. ಮೇಲೆ ನಿಂತರೆ ಒಂದು ಕಡೆ ಊರು, ಇನ್ನೊಂದು ಕಡೆ ಬಯಲು. ತಲೆಯ ಮೇಲೇ ದೊಡ್ಡ ವಿಮಾನವೊಂದು ಚಕ್ರ ಇಳಿಸಿಕೊಂಡು ಹೋಯಿತು. ಆಕೆ ಕತ್ತೆತ್ತಿ ಅದು ಮರೆಯಾಗುವ ತನಕ ನೋಡಿದಳು. ಬಿಸಿಲು ಇತ್ತು. ಇಳಿಯೋಣ ಎಂದು ಮಲ್ಕಾ ಅವಸರ ಮಾಡಿದಾಗ, “ಇರೇ, ಕೋಟೆ ಓಡಿಹೋಗುತ್ತಾ?” ಎಂದಳು. ಮಲ್ಕಾಗೆ ಆ ಅವಸರ ಯಾಕಿತ್ತು ಎಂಬುದು ಆಗ ತಿಳಿಯಲಿಲ್ಲ.

ಕೋಟೆಯ ಹೊರಗೆ, ಟಿಪ್ಪು ಹುಟ್ಟಿದ ಜಾಗದ ಸಮೀಪ ಒಂದು ಮರದಡಿ ಚಾಪೆ ಹಾಸಿದರು. ದೇಗ್ಚಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ, ಹಿಂದಿನಿಂದ ಕೂಗು ಕೇಳಿತು.

“ಅರೆ ವಾಜಿದ್ ಭಾಯ್! ನೀವಿಲ್ಲಿ!”

ಅರವತ್ತರ ಹತ್ತಿರದ ಗಂಡಸು, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ. ಜೊತೆಗೆ ಅವನ ಅಕ್ಕನಂತಿದ್ದ ದಪ್ಪ ಹೆಂಗಸು, ಮಗ, ಸೊಸೆ. ಚಿಕ್ಕಬಳ್ಳಾಪುರದಲ್ಲಿ ಬಟ್ಟೆ ಅಂಗಡಿಯಂತೆ, ಹೆಸರು ಮುಖ್ತಿಯಾರ್ ಸಾಬ್. ಅವರ ಚಾಪೆ ಬಂದು ಇವರ ಚಾಪೆಗೆ ತಾಗಿತು.

ನಜ್ಮುನ್ನೀಸಾಗೆ ದೇಗ್ಚಿಯ ಭಾರ ಈಗ ಅರ್ಥವಾಯಿತು. ಅಫ್ರೀನಳ ಮೊಣಕೈ ಹಿಡಿದು ಮರದ ಆಚೆಗೆ ಎಳೆದುಕೊಂಡು ಹೋದಳು.

“ನಿನ್ನ ತೋರಿಸೋಕೆ ಕರ್ಕೊಂಡ್ ಬಂದಿದಾರೆ. ನಿನಗೆ ಹೇಳಿದ್ರಾ?”

ಅಫ್ರೀನ್ ತಲೆ ತಗ್ಗಿಸಿದಳು.

“ಹೇಳಿಲ್ಲ, ಗೊತ್ತಾಯ್ತು. ಆ ಹುಡುಗನಿಗೆ ಪಕ್ಕದಲ್ಲಿ ಹೆಂಡತಿ ಇದಾಳೆ. ಹಾಗಾದ್ರೆ ಇನ್ಯಾರಿಗೋ ನೋಡೋಕೆ ಬಂದಿದಾರೆ. ಹೆದರ್ಬೇಡ. ನಾನಿದೀನಿ. ನಿನ್ನ ಓದು ಮುಗಿಯೋ ತನಕ ಯಾರೂ ನಿನ್ನ ಮುಟ್ಟೋ ಹಾಗಿಲ್ಲ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ.”

ಹುಡುಗಿ ಕಾಲಿನ ಹೆಬ್ಬೆರಳಿಂದ ಮಣ್ಣು ಕೆರೆಯುತ್ತಾ ನಿಂತಳು. “ಫುಪ್ಪು...” ಎಂದಳು. ಹೆದರಿಕೆ ಎಂದೇ ಇವಳು ತಿಳಿದಳು.

ಇಬ್ಬರೂ ಮರಳಿ ಬಂದು ಕೂತರು. ನಜ್ಮುನ್ನೀಸಾ ಬೇಕೆಂದೇ ಅಫ್ರೀನಳಿಗೂ ಆ ಜನರಿಗೂ ನಡುವೆ ಅಡ್ಡ ಕೂತಳು. ದಪ್ಪ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಇವಳನ್ನೇ ನೋಡಿ ನಕ್ಕಳು.

“ಬಾಯಿ ಒಣಗ್ತಾ ಇದೆ. ನಿಮ್ಮ ಕೈಯಿಂದ ಒಂದು ಲೋಟ ನೀರು ಕೊಡಿ, ತಾಯಿ.”

ಕೈ ತನ್ನಷ್ಟಕ್ಕೇ ಚೊಂಬಿನತ್ತ ಹೋಗಿ ಅಲ್ಲೇ ನಿಂತಿತು. ಆಕೆ ವಾಜಿದನನ್ನು ನೋಡಿದಳು. ವಾಜಿದ್ ದೇಗ್ಚಿಯ ಮುಚ್ಚಳ ನೋಡುತ್ತಿದ್ದ.

“ನಾಚ್ಕೋಬೇಡಿ,” ಎಂದಳು ಹೆಂಗಸು. “ಈ ವಯಸ್ಸಿನಲ್ಲಿ ಒಬ್ಬರಿಗೊಬ್ಬರು ಜೊತೆ ಬೇಕು. ನಮ್ಮ ತಮ್ಮನ ಹೆಂಡತಿ ಹೋಗಿ ಮೂರು ವರ್ಷ ಆಯ್ತು. ನೀವೇ ಮನಸ್ಸು ಮಾಡಿದೀರಿ ಅಂತ ಮಲ್ಕಾ ಹೇಳಿದಾಗ ನಮಗೆ ಎಷ್ಟು ಖುಷಿ ಆಯ್ತು ಗೊತ್ತಾ? ಆತಿಫ್ ಮದುವೆ ಆದ್ರೆ ಕೆಳಗಿನ ಮನೆ ಹೊಸ ದಂಪತಿಗೆ ಬೇಕಲ್ಲ, ಅಷ್ಟರೊಳಗೆ ನಾನೂ ಒಂದು ದಡ ಸೇರ್ತೀನಿ ಅಂದ್ರಂತಲ್ಲ. ದೊಡ್ಡ ಮನಸ್ಸು. ಎಲ್ಲರಿಗೂ ಬರಲ್ಲ.”

ಹೇಳುತ್ತಾ ಆಕೆ ಮೊಬೈಲು ತೆಗೆದು ತೋರಿಸಿದಳು. “ಫೋಟೋದಲ್ಲೇ ಒಪ್ಪಿಗೆ ಆಗಿತ್ತು. ಎಷ್ಟು ಚೆನ್ನಾಗಿ ನಕ್ಕಿದೀರಿ.”

ಕನ್ನಡಕ ಹಣೆಯ ಮೇಲಿತ್ತು. ಕೊರಳಲ್ಲಿ ಅಳತೆ ಟೇಪು.

ನಜ್ಮುನ್ನೀಸಾ ಹಿಂದಕ್ಕೆ ತಿರುಗಿ ಅಫ್ರೀನಳನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಮರದ ಹಿಂದೆ ತಾನು ಹೇಳಿದ್ದೆಲ್ಲ ಆಗ ಒಂದೊಂದಾಗಿ ಕಿವಿಗೆ ಬಂತು. ಹೆದರ್ಬೇಡ. ನಾನಿದೀನಿ. ಹುಡುಗಿ ಅಳುತ್ತಿದ್ದಳು. ಆ ಅಳುವಿನ ಬಗ್ಗೆ ಇವಳಿಗೆ ಏನೂ ಅನ್ನಿಸಲಿಲ್ಲ.

“ಮುಖ್ತಿಯಾರ್ ಸಾಬ್,” ಎಂದಳು. ದನಿ ಏರಲಿಲ್ಲ. ಬ್ಲೌಸು ಕೆಟ್ಟಿದೆ ಎಂದು ಜಗಳಕ್ಕೆ ಬಂದವರ ಹತ್ತಿರ ಮಾತಾಡುವ ದನಿ ಅದು. “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಾನು ಯಾರಿಗೂ ಏನೂ ಹೇಳಿಲ್ಲ. ನಾನು ಕೋಟೆ ನೋಡೋಕೆ ಬಂದೋಳು.”

ಆ ಮನುಷ್ಯನ ಮುಖ ಕಪ್ಪಿಟ್ಟಿತು. ಮೊದಲು ವಾಜಿದನನ್ನು, ಆಮೇಲೆ ತನ್ನ ಅಕ್ಕನನ್ನು ನೋಡಿದ. “ನಮಗೆ ಬೇರೆ ರೀತಿ ಹೇಳಿದ್ರು, ಅಮ್ಮ. ಮಾಫ್ ಮಾಡಿ,” ಎಂದು ಎದ್ದು ನಿಂತ. ಚಾಪೆಯನ್ನು ಅವನೇ ಸುತ್ತಿದ. ಅಕ್ಕ ಮಾತ್ರ ಹೋಗುವಾಗ, “ಬಿರಿಯಾನಿ ವಾಸನೆ ತೋರಿಸಿ ಕಳಿಸ್ತಾರೆ ನೋಡು,” ಎಂದು ಸೊಸೆಗೆ ಕೇಳುವಂತೆ ಅಂದಳು.

ಅವರು ಮರೆಯಾದ ಮೇಲೆ ವಾಜಿದ್ ಬಾಯಿಬಿಟ್ಟ. “ನಿಮ್ಮ ಒಳ್ಳೇದಕ್ಕೇ ಆಪಾ. ಮೊದಲೇ ಹೇಳಿದ್ರೆ ನೀವು ಬರ್ತಿರಲಿಲ್ಲ.”

“ಬರ್ತಿರಲಿಲ್ಲ. ಅದಕ್ಕೇ ಹೇಳೋದು.”

“ಹಂಗಲ್ಲ ಆಪಾ,” ಎಂದಳು ಮಲ್ಕಾ, “ಒಬ್ಬರೇ ಎಷ್ಟು ದಿನ ಅಂತ...”

“ಬೇಡ, ಮಲ್ಕಾ. ಸಾಕು. ಕೆಳಗಿನ ಮನೆ ಬೇಕು ಅಂತ ಕೇಳಿದ್ರೆ ಮುಂಗೋಣೆ ಇಟ್ಕೊಂಡು ಮಿಕ್ಕಿದ್ದು ಬಿಟ್ಟುಕೊಡ್ತಿದ್ದೆ. ಆತಿಫ್‌ನ ಎತ್ತಿ ಆಡಿಸಿದೋಳು ನಾನು. ಈಗ ಒಂದು ಕೋಣೆನೂ ಬಿಡಲ್ಲ.”

ಯಾರೂ ಉಣ್ಣಲಿಲ್ಲ. ದೇಗ್ಚಿ ತುಂಬಿದ್ದಂತೆಯೇ ಕಾರಿಗೇರಿತು. ಈ ಸಲ ನಜ್ಮುನ್ನೀಸಾ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತಳು. ದೇಗ್ಚಿ ಅಫ್ರೀನಳ ಕಾಲ ಬಳಿ ಹೋಯಿತು. ಯಲಹಂಕ ದಾಟಿದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

“ಅಮ್ಮಿ ಕೇಳು ಅಂದ್ಳು ಫುಪ್ಪು, ಅದಕ್ಕೆ ಕೇಳ್ದೆ. ಆದ್ರೆ ನನಗೂ ನಿಜವಾಗ್ಲೂ ನಿಮ್ಮನ್ನ ಕರ್ಕೊಂಡ್ ಹೋಗ್ಬೇಕು ಅಂತ ಇತ್ತು.”

ನಜ್ಮುನ್ನೀಸಾ ಡ್ರೈವರಿಗೆ, “ಜಕ್ಕೂರು ಹತ್ರ ನಿಲ್ಸಪ್ಪ,” ಎಂದಳು.

ಇಳಿದು ಪಿಸ್ತಾ ಬಣ್ಣದ ದುಪಟ್ಟಾ ತೆಗೆದು ಮಡಿಸಿ ಸೀಟಿನ ಮೇಲಿಟ್ಟಳು. ಒಳಗಿನ ಹಳೆಯ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಳು. ವಾಜಿದ್ ಹಿಂದೆ ಇಳಿಯಲು ನೋಡಿದ. ಆಕೆ ಕೈ ಅಡ್ಡ ಹಿಡಿದಳು. ವಿಮಾನ ಮೈದಾನದ ಬೇಲಿಯ ಹತ್ತಿರ ಒಬ್ಬಳೇ ನಿಂತಳು. ನೋಡಬೇಕೆಂದು ಹೇಳಿದ್ದ ಜಾಗ. ನೋಡಿಯೇ ಹೋಗುವುದೆಂದು ನಿಶ್ಚಯಿಸಿದ್ದಳು. ಅಂದು ಒಂದು ವಿಮಾನವೂ ಏರಲಿಲ್ಲ. ಬೇಲಿಯಾಚೆ ಒಬ್ಬ ರೆಕ್ಕೆಗೆ ಹೊದಿಕೆ ಕಟ್ಟುತ್ತಿದ್ದ. ಅವನು ಕಟ್ಟಿ ಮುಗಿಸಿದ ಮೇಲೆ ಈಕೆ ರಸ್ತೆಗೆ ಬಂದು ಬಸ್ಸು ಹತ್ತಿದಳು.

ಲಕ್ಷ್ಮಿದೇವಮ್ಮ ಗೇಟಿನಲ್ಲೇ ಇದ್ದಳು. “ಎಲ್ಲೇ ನನ್ನ ಚಕ್ಕೋತ?”

“ಸಿಗಲಿಲ್ಲ.”

“ದೇವನಹಳ್ಳೀಲಿ ಚಕ್ಕೋತ ಸಿಗಲಿಲ್ವಾ? ಒಳ್ಳೇ ಟೂರು ಹೋದೆ ಬಿಡು.”

ಮಹಡಿಗೂ ಕೆಳಮನೆಗೂ ನಡುವೆ ಒಳಗಿನಿಂದ ಒಂದು ಮೆಟ್ಟಿಲ ಬಾಗಿಲಿದೆ. ಆ ದಿನದಿಂದ ಅದರ ಚಿಲಕ ಕೆಳಗಿನ ಕಡೆಯಿಂದ ಬಿದ್ದಿದೆ. ಆತಿಫ್ ಮದುವೆಯಾಗಿ ಥಣಿಸಂದ್ರದಲ್ಲಿ ಬಾಡಿಗೆ ಮನೆ ಹಿಡಿದ. ಮದುವೆಗೆ ನಜ್ಮುನ್ನೀಸಾ ಹೋದಳು, ಉಂಡಳು, ಮದುಮಗಳ ಕೈಗೆ ಉಡುಗೊರೆ ಕೊಟ್ಟಳು. ಯಾರೂ ಬೆರಳು ಮಾಡಿ ತೋರಿಸುವಂತೆ ಆಕೆ ನಡೆದುಕೊಳ್ಳಲಿಲ್ಲ.

ಇತ್ತೀಚೆಗೆ ಅಫ್ರೀನ್ ಬೀದಿಯ ಕಡೆಯಿಂದ, ಗಿರಾಕಿಗಳು ಬರುವ ಬಾಗಿಲಿನಿಂದ ಬಂದಳು. ಓದು ಮುಗಿದಿತ್ತು. ಕೈಯಲ್ಲಿ ಹೊಸ ಸೀರೆ.

“ಅಮ್ಮಿ ಕೊಡ್ಸಿದ್ಳು. ಯಾಕೆ ಅಂತ ಹೇಳ್ಲಿಲ್ಲ.” ಯಂತ್ರದ ಬದಿಯ ಹಳೆಯ ಜಾಗದಲ್ಲಿ ಕೂರಲೋ ಬೇಡವೋ ಎಂದು ನೋಡಿ, ನಿಂತೇ ಇದ್ದಳು. “ಫುಪ್ಪು, ನನ್ನನ್ನ ತೋರಿಸೋದು ಅಂತ ಆದ್ರೆ... ನಿಮಗೆ ಗೊತ್ತಾದ್ರೆ ನನಗೆ ಮೊದಲೇ ಹೇಳ್ತೀರಲ್ವಾ?”

ನಜ್ಮುನ್ನೀಸಾ ಹಲ್ಲಿನಿಂದ ದಾರ ಕಡಿದಳು.

“ಹೇಳ್ತೀನಿ. ಅದು ನಿಯಮ.”

ಹುಡುಗಿ ಇನ್ನೂ ನಿಂತಿದ್ದಳು. ನಜ್ಮುನ್ನೀಸಾ ಸೀರೆಯನ್ನು ತೆಗೆದುಕೊಂಡು, ಅಂಚು ಹಿಡಿದು ನೋಡಿ, ಬಣ್ಣ ಹೊಂದುವ ಫಾಲಿನ ತುಂಡು ಹುಡುಕಿ ಅದರ ಮೇಲಿಟ್ಟಳು.

“ಗುರುವಾರ ಸಿಗುತ್ತೆ,” ಎಂದಳು.