ಎರಡು ಸಲ ತಟ್ಟಿದರೆ

ನಮ್ಮ ಮಾಸ್ತರರು ಮೊದಲ ದಿನ ಕಲಿಸಿದ್ದು ಹೊಡೆಯುವುದನ್ನಲ್ಲ, ತಟ್ಟುವುದನ್ನು. ಹಿಡಿತದಲ್ಲಿ ಸಿಕ್ಕಿಹಾಕಿಕೊಂಡವನು ಎದುರಿನವನ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವನು ಬಿಡಬೇಕು. ಯಾಕೆ, ಏನು ಅಂತ ಕೇಳುವ ಹಾಗಿಲ್ಲ. ರಾವೂರಿನಿಂದ ಬರುತ್ತಿದ್ದ ಒಬ್ಬ ಗಟ್ಟಿ ಆಳು ಒಮ್ಮೆ ತಟ್ಟಿದ ಮೇಲೂ ನಗುತ್ತ ಇನ್ನಷ್ಟು ತಿರುವಿದ. ಮಾಸ್ತರರು ಅವನ ಚಪ್ಪಲಿಯನ್ನು ತಾವೇ ಎತ್ತಿ ಬಾಗಿಲ ಹೊರಗಿಟ್ಟರು. "ತಟ್ಟಿದಾಗ ಬಿಡದವನ ಕೈಗಿ ಮುಂದ ಯಾರೂ ಮೈ ಕೊಡಂಗಿಲ್ಲಪಾ. ನೀ ಹೋಗು," ಅಂದರು. ಅವನು ಮತ್ತೆ ಬರಲಿಲ್ಲ.

ಕ್ಲಾಸು ನಡೆಯುತ್ತಿದ್ದುದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡೊಂದರ ಹಿಂದೆ. ಮಾಸ್ತರರು ವಾಡಿಯಲ್ಲಿ ಫಿಟ್ಟರ್ ಆಗಿದ್ದವರು, ಹೈದರಾಬಾದಿನಲ್ಲಿದ್ದಾಗ ಕುಂಗ್ ಫೂ ಕಲಿತು ಬಂದವರು. ನಾನೂ ನನ್ನ ತಮ್ಮನೂ ಭಂಕೂರದಿಂದ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಓಣಿಯವರಿಗೆ ಕುಸ್ತಿ ಗೊತ್ತು, ಇದು ಗೊತ್ತಿಲ್ಲ. "ಚೀನಾ ಮಾಲು, ಗ್ಯಾರಂಟಿ ಇಲ್ಲ ನೋಡವಾ," ಎಂದು ನನ್ನನ್ನು ಕಾಡಿಸುತ್ತಿದ್ದರು. ಹುಡುಗಿ ಬೇರೆ ಹೋಗುತ್ತಾಳಲ್ಲ, ಅದಕ್ಕೆ ಇನ್ನೂ ಮಜಾ. ನನಗೆ ಆಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಅವರ ನಗು ನೋಡಿಯೇ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಹಿಡಿದವನಿಂದ ಬಿಡಿಸಿಕೊಳ್ಳುವುದೇ ಆ ವಿದ್ಯೆಯ ಅರ್ಧ. ಮಣಿಕಟ್ಟು ಹಿಡಿದರೆ ನಾವೆಲ್ಲ ಮಾಡುವ ತಪ್ಪು ಹಿಂದಕ್ಕೆ ಎಳೆದುಕೊಳ್ಳುವುದು. ಎಳೆದಷ್ಟೂ ಹಿಡಿತ ಬಿಗಿಯುತ್ತದೆ. ಅದಕ್ಕೆ ಅವನ ಕಡೆಗೇ ಒಂದು ಹೆಜ್ಜೆ ಹೋಗಬೇಕು, ಭುಜ ಸಡಿಲ ಬಿಡಬೇಕು, ಕೈಯನ್ನು ಅವನ ಹೆಬ್ಬೆರಳಿನ ಕಡೆ ತಿರುವಬೇಕು. "ನಾಕು ಬಳ್ಳು ಗೋಡಿ, ಹೆಬ್ಬಳ್ಳು ಬಾಗಿಲು," ಅನ್ನುತ್ತಿದ್ದರು ಮಾಸ್ತರರು. ಎತ್ತಿ ಒಗೆಯಲು ಬಂದರೂ ಹಾಗೆಯೇ. ದೂರ ಓಡಬಾರದು. ಮೊಣಕಾಲು ಮಡಿಸಿ ಸೊಂಟ ಕೆಳಗಿಳಿಸಿ ಒಗೆಯುವವನನ್ನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಅಪ್ಪಿಕೊಂಡವರನ್ನು ಒಗೆಯುವುದು ಕಷ್ಟ.

ತಮ್ಮ ಇದರಲ್ಲಿ ನನಗಿಂತ ಎಷ್ಟೋ ಪಾಲು ಮೇಲಿದ್ದ. ಅವನನ್ನು ನಾನು ಒಮ್ಮೆಯೂ ಬೀಳಿಸಿರಲಿಲ್ಲ. ಅವನು ನನ್ನನ್ನು ಬೀಳಿಸುವಾಗ ಮಾತ್ರ ಒಂದು ಕೈಯನ್ನು ನನ್ನ ತಲೆಯ ಕೆಳಗೆ ಇಟ್ಟೇ ಬೀಳಿಸುತ್ತಿದ್ದ.

ಮುಂದೆ ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆದೆ, ಅವನು ಪಾಲಿಶ್ ಮಷೀನಿಗೆ ನಿಂತ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಮಷೀನು ತನ್ನ ಹೆಸರು ಹಿಡಿದು ಕರೆಯುತ್ತದೆ ಎಂದು ತಮ್ಮ ಒಂದು ದಿನ ಅವ್ವನಿಗೆ ಹೇಳಿದ. ಅವ್ವ ನಕ್ಕಳು. ಆಮೇಲೆ ಮಷೀನು ನಿಂತಾಗಲೂ ಕರೆಯತೊಡಗಿತು. ಅವನು ಕೆಲಸ ಬಿಟ್ಟ, ನಿದ್ದೆ ಬಿಟ್ಟ, ಗೋಡೆಗೆ ಬೆನ್ನು ಹಚ್ಚಿಯೇ ಕೂಡತೊಡಗಿದ. ಊರಿನ ಬಾಯಿಗೆ ಕೆಲಸ ಸಿಕ್ಕಿತು. ಗಾಳಿ ಅಂದರು, ಮಾಟ ಅಂದರು. ಚೀನಾ ವಿದ್ಯೆ ತಲೆಗೆ ಏರಿತು ಅಂದವರೂ ಇದ್ದಾರೆ. ದವಾಖಾನೆ ಅಂದವರು ಒಬ್ಬರೂ ಇಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಒಂದು ಭಾನುವಾರ ನಾನು ಮನೆಯಲ್ಲಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಒಳಗೆ ಬಂದವನೇ ಅವಳ ಕುತ್ತಿಗೆಗೆ ಹಿಂದಿನಿಂದ ತೋಳು ಹಾಕಿ ಬಿಗಿದ. ಅವನ ಕಣ್ಣು ಅವ್ವನನ್ನು ನೋಡುತ್ತಲೇ ಇರಲಿಲ್ಲ. ನಾನು ಹೋಗಿ ಎಳೆದರೆ ಅವನು ಇನ್ನೂ ಬಿಗಿಯುತ್ತಾನೆ ಎಂದು ನನಗೆ ಗೊತ್ತಿತ್ತು. "ಅವ್ವಾ, ಅವನ ಕೈ ತಟ್ಟು. ಎರಡು ಸಲ," ಎಂದೆ. ಅವಳು ಹಿಟ್ಟಿನ ಕೈಯಿಂದ ತಟ್ಟಿದಳು. ತಮ್ಮ ತಟ್ಟನೆ ಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಮುಷ್ಟಿಯನ್ನು ಇನ್ನೊಂದು ಅಂಗೈಗೆ ಒತ್ತಿ, ಕ್ಲಾಸಿನಲ್ಲಿ ಮಾಡುತ್ತಿದ್ದ ಹಾಗೆ ತಲೆ ಬಾಗಿಸಿದ. ಅವ್ವ ಕೆಮ್ಮುತ್ತ ಕೆಳಗೆ ಕೂತಳು.

ಅಂದಿನಿಂದ ನಮ್ಮ ಮನೆ ನಡೆದದ್ದು ಆ ತಟ್ಟುವಿಕೆಯ ಮೇಲೆ. ತಲೆಯೊಳಗೆ ಏನೆಲ್ಲ ಕಲಸಿಹೋದರೂ ಅದೊಂದು ಅವನಲ್ಲಿ ಉಳಿದಿತ್ತು. ನಾನು ವಾರವೆಲ್ಲ ಚಿತ್ತಾಪುರದಲ್ಲಿ. ಮನೆಯಲ್ಲಿ ಅವ್ವ ಒಬ್ಬಳೇ. ಅವನು ರೆಟ್ಟೆ ಹಿಡಿದರೆ ತಟ್ಟುತ್ತಿದ್ದಳು, ಅವನು ಬಿಡುತ್ತಿದ್ದ. "ಅಂಜಬ್ಯಾಡ, ತಟ್ಟಿದ್ರ ಬಿಡ್ತಾನ," ಎಂದು ಫೋನಿನಲ್ಲಿ ಅವಳೇ ನನಗೆ ಧೈರ್ಯ ಹೇಳುತ್ತಿದ್ದಳು.

ಕೊನೆಗೆ ಅವನು ಉಣ್ಣುವುದನ್ನು ಬಿಟ್ಟ. ರೊಟ್ಟಿಯಲ್ಲಿ ಕಲ್ಲಿನ ಪುಡಿ ಕಲಸಿದ್ದಾರೆ ಎನ್ನುತ್ತಿದ್ದ. ಎದೆಯ ಗೂಡು ಎದ್ದು ಕಾಣತೊಡಗಿತು. ನಾನೇ ಹೋಗಿ ಕೇಳಿದ್ದಕ್ಕೆ ಕಲಬುರಗಿಯ ಡಾಕ್ಟರರು ಹೇಗಾದರೂ ಮಾಡಿ ಜಲ್ದಿ ಕರೆತನ್ನಿ ಅಂದರು. ಹೇಗಾದರೂ ಅನ್ನುವುದು ಬಾಯಿಂದ ಸುಲಭ. ಕಾಳಗಿಯಿಂದ ಸೋದರಮಾವ ಬಂದ. ಅವನ ಹೆಗಲ ವಲ್ಲಿಯ ಕೆಳಗೆ ಹಗ್ಗ ಇತ್ತು.

ಅವ್ವ ಅದನ್ನು ನೋಡಿದಳು. "ಅಣ್ಣಾ, ಅವ ದನ ಅಲ್ಲ. ನನ್ನ ಮಗಗ ಹಗ್ಗ ಹಚ್ಚಬ್ಯಾಡ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಕಲ್ತೀದಿ ಅಲ್ಲೇನು? ನೀ ಹಿಡಿ."

ಸುಡುಬಿಸಿಲಿನ ಮಧ್ಯಾಹ್ನ. ಅಂಗಳದ ಫರಸಿ ಕಾದಿತ್ತು. ಕಲಬುರಗಿಗೆ ಹೋಗಲು ಹೇಳಿಟ್ಟಿದ್ದ ಜೀಪು ಬಾಗಿಲಿಗೆ ಬಂದು ನಿಂತಿತು. ಜೀಪಿನ ಡ್ರೈವರ್ ತಮ್ಮನ ಭುಜ ಹಿಡಿದದ್ದಷ್ಟೇ ಗೊತ್ತು, ಮರುಗಳಿಗೆ ಅವನೇ ತಮ್ಮನ ಸೊಂಟದ ಮೇಲಿಂದ ಹಾದು ಅಂಗಾತ ಬಿದ್ದಿದ್ದ. ಮಾವ ಹಗ್ಗ ಹೊರಗೆ ತೆಗೆದ. ನಾನು ನಡುವೆ ಹೋದೆ. ತಮ್ಮ ನನ್ನ ಕೊರಳಪಟ್ಟಿ ಹಿಡಿದು ನನ್ನನ್ನೂ ಹಾಗೆಯೇ ಒಗೆಯಲು ತಿರುಗಿದ. ನಾನು ಮೊಣಕಾಲು ಮಡಿಸಿದೆ, ಅವನ ಸೊಂಟವನ್ನು ಎರಡೂ ಕೈಯಿಂದ ಅಪ್ಪಿದೆ, ನನ್ನ ಕಾಲನ್ನು ಅವನ ಕಾಲ ಹಿಂದೆ ಇಟ್ಟೆ. ಇಬ್ಬರೂ ಕೂಡಿಯೇ ಕೆಳಗೆ ಬಿದ್ದೆವು. ಬೀಳುವಾಗ ಅವನ ತಲೆಯ ಕೆಳಗೆ ನನ್ನ ಒಂದು ಕೈ ಹೋಗಿತ್ತು.

ಜನ್ಮದಲ್ಲಿ ಮೊದಲ ಸಲ ಅವನನ್ನು ಬೀಳಿಸಿದ್ದೆ. ಬೀಳಿಸಲು ಅಲ್ಲಿ ತೂಕವೇ ಇರಲಿಲ್ಲ.

ಅವನನ್ನು ಬೋರಲು ಹಾಕಿ, ಮಣಿಕಟ್ಟು ಮಡಿಸಿ, ಮೊಣಕೈ ಮೇಲೆ ನನ್ನ ಮೈಭಾರ ಬಿಟ್ಟೆ. ಈ ಹಿಡಿತದಲ್ಲಿ ಅಲುಗಾಡಿದರೆ ಅಲುಗಾಡಿದವನಿಗೇ ನೋವು. ಅವನು ಅಲುಗಾಡಲಿಲ್ಲ. ಇನ್ನೊಂದು ಕೈಯಿಂದ ಫರಸಿಯನ್ನು ತಟ್ಟಿದ, ಎರಡು ಸಲ.

ನಾನು ಬಿಡಲಿಲ್ಲ.

ಮತ್ತೆ ತಟ್ಟಿದ. ನನಗೆ ಕೇಳಿಸಿಲ್ಲ ಅಂದುಕೊಂಡನೇನೋ, ಇನ್ನೂ ಜೋರಾಗಿ ತಟ್ಟಿದ. ಆಮೇಲೆ ಕೆನ್ನೆಯನ್ನು ಕಲ್ಲಿಗೆ ಹಚ್ಚಿಕೊಂಡೇ ಕಣ್ಣು ಹೊರಳಿಸಿ ನನ್ನನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ನಾನು ಅಂತಲೇ ನೋಡಿದ್ದು ಅದೇ ಮೊದಲು. "ಅಕ್ಕಾ, ತಟ್ಟೀನಲ್ಲ," ಅಂದ.

ಬಿಟ್ಟಿದ್ದರೆ ಅವನ ಮೈಮೇಲೆ ಹಗ್ಗ ಬೀಳುತ್ತಿತ್ತು. ಬಿಟ್ಟಿದ್ದರೆ ಅವನು ಓಡಿಹೋಗಿ ಯಾವುದೋ ಹಳೆಯ ಕಲ್ಲುಗಣಿಯ ನೀರಿಗೆ ಬೀಳುತ್ತಿದ್ದ. ನಾನು ತಪ್ಪು ಮಾಡಿದೆ ಎಂದು ಯಾರಾದರೂ ಅಂದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಆದರೂ ಆ ಸದ್ದು ನನ್ನನ್ನು ಬಿಟ್ಟಿಲ್ಲ. ವಾಡಿಯ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಜೀಪು ತೆವಳುತ್ತಿದ್ದಾಗಲೂ ಅವನು ನನ್ನ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಲೇ ಇದ್ದ. ದವಾಖಾನೆಯಲ್ಲಿ ಇಂಜೆಕ್ಷನ್ ಹತ್ತಿ ಕೈ ಸೋತ ಮೇಲೆ ತಟ್ಟುವುದು ನಿಂತಿತು.

ಅವನು ಮನೆಗೆ ಬಂದ. ಗುಳಿಗೆ ನುಂಗುತ್ತಾನೆ, ಉಣ್ಣುತ್ತಾನೆ, ಕಟ್ಟೆಯ ಮೇಲೆ ಕೂಡುತ್ತಾನೆ. ಕೈ ಸಣ್ಣಗೆ ನಡುಗುತ್ತದೆ. ನನ್ನ ಜೊತೆ ಮಾತಾಡುತ್ತಾನೆ, ಬಸ್ಸು ಸಿಕ್ಕಿತಾ ಎಂದು ಕೇಳುತ್ತಾನೆ. ಆ ದಿನದ ಮಾತನ್ನು ಮಾತ್ರ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕ್ಲಾಸಿನಲ್ಲಿ ಅಭ್ಯಾಸಕ್ಕೆ ಮಾಡುತ್ತಿದ್ದ ಹಾಗೆ ಮುಂಗೈಗೆ ಮುಂಗೈ ಹಚ್ಚಿ ಆಡೋಣ ಎಂದು ಒಮ್ಮೆ ನನ್ನ ಕೈ ಮುಂದೆ ಚಾಚಿದೆ. ಅವನು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ.

ಹೋದ ಶನಿವಾರ ಊರಿಗೆ ಹೋದಾಗ ಅವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಚಹಾ ಕೊಟ್ಟಳು. ಸೆರಗು ಸರಿಸಿದೆ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಬಾವು, ನೀಲಿಗಟ್ಟಿತ್ತು. ನಡುವೆ ಗುಳಿಗೆ ತಪ್ಪಿಸಿದ್ದನಂತೆ.

"ತಟ್ಟಲಿಲ್ಲೇನು?" ಎಂದೆ.

"ತಟ್ಟಿದೆ. ಬಿಡ್ಲಿಲ್ಲ," ಅಂದಳು. ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡು, "ಈಗ ಬಿಡಂಗಿಲ್ಲ ಅವ," ಅಂದಳು.

ಅವನಲ್ಲಿ ಉಳಿದಿದ್ದ ಒಂದೇ ಒಂದನ್ನು ಆ ಅಂಗಳದಲ್ಲಿ ಖರ್ಚು ಮಾಡಿದವಳು ನಾನು. ಚಹಾ ಬದಿಗಿಟ್ಟು, ಅವಳನ್ನು ನಡುಮನೆಯ ಫರಸಿಯ ಮೇಲೆ ನಿಲ್ಲಿಸಿ, ಬಾವು ಇಲ್ಲದ ಕೈಯನ್ನು ಹಿಡಿದೆ. "ಹಿಂದ ಎಳೀಬ್ಯಾಡ. ನನ್ನ ಕಡೀನೇ ಬಾ. ಹೆಬ್ಬಳ್ಳು ಇಲ್ಲೈತಿ ನೋಡು, ಇತ್ತಾಗ ತಿರುವು," ಎಂದೆ. ಅವಳ ಕೈ ನನ್ನ ಮುಷ್ಟಿಯಲ್ಲಿ ಸುಮ್ಮನೆ ಬಿದ್ದಿತ್ತು. ಇನ್ನೊಮ್ಮೆ ಹೇಳಿದೆ. ನನ್ನ ದನಿ ಏರಿತು.

"ನಾ ಬಿಡಿಸ್ಕೊಂಡ್ರ ಅವ ಇನ್ನ್ಯಾರ ಕೈ ಹಿಡೀಬೇಕವಾ?" ಅಂದಳು ಅವ್ವ.

ನಾನು ಹಿಡಿದೇ ಇದ್ದೆ. ಹೊರಗೆ ಕಟ್ಟೆಯ ಮೇಲಿದ್ದ ತಮ್ಮ ತಿರುಗಿ ನಮ್ಮ ಕೈಗಳನ್ನೇ ನೋಡುತ್ತಿದ್ದ. ಅವ್ವ ಬಾವು ಬಂದ ಕೈಯನ್ನು ಎತ್ತಿ ನನ್ನ ಮುಂಗೈಯನ್ನು ಮೆಲ್ಲಗೆ ಎರಡು ಸಲ ತಟ್ಟಿದಳು. ನಾನು ಬಿಟ್ಟೆ.