ಭೀಮನಬೀಡಿನಲ್ಲಿ ಪಂಕ್ ರಾಕ್ ಕೇಳಿದ್ದು

ಕೋವಿಡ್ ಮುಗಿದ ಮರುವರ್ಷ ನಾನು ಚಾಮರಾಜನಗರದಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿಯ ಶಕ್ತಿ ಅಳೆದು, ಬೇಕಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವ ಕೆಲಸ. ಬುಧವಾರಗಳಂದು ಗುಂಡ್ಲುಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದೆ. ಊರಿಗೆ ಹೊಸಬಳು. ಸಂಜೆ ಮನೆ ಸೇರಿದರೆ ಬರೀ ಸದ್ದಿಗಾಗಿ ಟಿ.ವಿ. ಹಾಕಿಕೊಂಡು ಒಬ್ಬಳಿಗೆ ಅಡುಗೆ ಮಾಡಿಕೊಳ್ಳುತ್ತಿದ್ದ ಕಾಲ ಅದು.

ಅಂಥ ಒಂದು ಬುಧವಾರ ಹತ್ತಿರದ ಹಳ್ಳಿ ಭೀಮನಬೀಡಿನ ಶಿವಮಲ್ಲಪ್ಪನವರು ಬಂದರು. ಅರವತ್ತೆಂಟು ವರ್ಷ. ಇಪ್ಪತ್ತಾರು ವರ್ಷ ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು, ಊರಿಗೆ ಮರಳಿ ಅರಿಸಿನ ಬೆಳೆದುಕೊಂಡಿದ್ದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಜೋರಿದ್ದರೆ ಕೇಳಿಸುತ್ತದೆ ಎಂಬ ನಕ್ಷೆ, ಮೇಲಿನ ಸ್ವರಗಳಲ್ಲಿ, ನಾಲ್ಕು ಸಾವಿರ ಹರ್ಟ್ಸ್ ಬಳಿ, ಕಡಿದಾಗಿ ಕುಸಿದಿತ್ತು. ಇಂಜಿನ್ನಿನ ಸದ್ದು ತಿಂದುಹಾಕಿದ ಕಿವಿ. ಎರಡೂ ಕಡೆ ಯಂತ್ರ ಹೊಂದಿಸಿದೆ. ಪಿಸುಮಾತಿಗೂ ತಿರುಗಿ ನೋಡಿದರು. ಕೆಲಸ ಚೆನ್ನಾಗಿ ಆಯಿತೆಂದುಕೊಂಡೆ.

ಮುಂದಿನ ವಾರ ಯಂತ್ರಗಳನ್ನು ಡಬ್ಬಿ ಸಮೇತ ತಂದು ಮೇಜಿನ ಮೇಲಿಟ್ಟರು.

"ವಾಪಸ್ ತಕ್ಕಳಿ ಡಾಕ್ಟ್ರಮ್ಮ. ಮಾತು ಕೇಳ್ತದೆ. ನನ್ ತಾವ ಮಾತಾಡೋರು ಯಾರವ್ರೆ? ನಂಗೆ ಬೇಕಾಗಿದ್ದು ನನ್ ಪ್ಲೇಟು. ಅವೇ ಕೇಳ್ದಿದ್ರೆ ಇದ್ಯಾಕೆ? ಪ್ಲೇಟ್ನೂ ಗುಜರಿಗಾಕ್ಬುಡ್ತೀನಿ."

ಪ್ಲೇಟು ಎಂದರೆ ರೆಕಾರ್ಡು. ಹಡಗು ನಿಂತ ಬಂದರುಗಳಲ್ಲಿ ಕೊಂಡ ಮೂವತ್ತೊಂದು ವಿನೈಲ್ ಆಲ್ಬಮ್‌ಗಳು ಅವರಲ್ಲಿದ್ದವು. ಎಲ್ಲವೂ ಪಂಕ್ ರಾಕ್. ಗಿಟಾರು, ಡ್ರಮ್ಮುಗಳ ಅಬ್ಬರದ ಮೇಲೆ ಕಿರುಚಿ ಎರಡೇ ನಿಮಿಷದಲ್ಲಿ ಮುಗಿಸುವ ಹಾಡುಗಳು. ಕಿವಿ ಮಂದವಾದ ಮೇಲೆ ಐದು ವರ್ಷ ಅವನ್ನು ಹಾಕಿರಲಿಲ್ಲ. ಅವೇ ಯಾಕೆ ಇಷ್ಟ ಎಂದು ಕೇಳಿದೆ.

"ಇಂಜಿನ್ನಿಗಿಂತ ಜೋರಾಗಿ ಕಿರುಚೋರು ಅವ್ರೊಬ್ರೇ ಕಣಮ್ಮ. ಏನಂತಾರೋ ಅರ್ಧ ತಿಳೀದು. ಸಿಟ್ಟು ತಿಳೀತದೆ."

ತಪ್ಪು ನನ್ನದೇ. ಶ್ರವಣಯಂತ್ರವನ್ನು ಮಾಡುವುದು ಮಾತಿಗಾಗಿ. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ಅದುಮುವ 'ನಾಯ್ಸ್ ರಿಡಕ್ಷನ್' ಅದರಲ್ಲಿರುತ್ತದೆ. ಪಂಕ್ ರಾಕನ್ನೂ ಅದು ಗದ್ದಲವೆಂದೇ ತೀರ್ಮಾನಿಸಿತ್ತು. ಸಂಗೀತಕ್ಕೆಂದು ಇನ್ನೊಂದು ಪ್ರೋಗ್ರಾಂ ಹಾಕಬಹುದಿತ್ತು. ಆದರೆ ಅವರ ಪ್ಲೇಯರಿನ ಮುಂದೆಯೇ ಕೂತು ಹೊಂದಿಸಬೇಕು. ಅಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಅವರೊಡನೆ ಭೀಮನಬೀಡಿಗೆ ಹೋದೆ.

ನಡುಮನೆಯಲ್ಲಿ ಪ್ಲೇಯರ್ ಇತ್ತು. ಅವರು ರೆಕಾರ್ಡನ್ನು ಪಂಚೆಯ ತುದಿಯಿಂದ ಒರೆಸಿ ಮುಳ್ಳು ಇಳಿಸಿದರು. ನಾನು ನಾಯ್ಸ್ ರಿಡಕ್ಷನ್ ತೆಗೆದೆ.

"ಗಿಟಾರ್ ಬಂತು. ಆಡೋನು ಬಾವಿ ಒಳಗವ್ನೆ."

ಹಾಡುವವನ ದನಿ ಹತ್ತಿರ ಬರಲೆಂದು, ಯಂತ್ರ ಸಿಳ್ಳೆ ಹಾಕದಂತೆ ತಡೆಯುವ ವ್ಯವಸ್ಥೆಯನ್ನೂ ನಿಲ್ಲಿಸಿ, ಮೇಲಿನ ಸ್ವರಗಳನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಐದನೆಯ ಸಲಕ್ಕೆ ಅವರ ಮೊಣಕಾಲು ಕುಣಿಯತೊಡಗಿತು. ಹಾಡಿನ ಕೊನೆಯ ಕೂಗನ್ನು ಹಾಡುಗಾರನಿಗಿಂತ ಅರೆಕ್ಷಣ ಮೊದಲೇ ಇವರು ಕೂಗಿದರು. ನನಗೆ ನಗು ಬಂತು.

ಆ ಬದಿ ಮುಗಿಯಿತು. ಅವರು ಮಾತ್ರ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ಇನ್ನೂ ಏನೋ ಕೊರತೆಯಿದೆ ಎಂದುಕೊಂಡು ಲ್ಯಾಪ್‌ಟಾಪಿಗೆ ಕೈಹಾಕಿ, "ಇನ್ನೇನು ಕೇಳಿಸ್ತಿಲ್ಲ ಹೇಳಿ" ಎಂದೆ.

"ಎಲ್ಲಾ ಸರ್ಯಾಗದೆ," ಎಂದರು. ಆಮೇಲೆ, "ನಮ್ಮವ್ಳು ಇದ್ದಿದ್ರೆ ಇಷ್ಟೊತ್ಗೆ 'ನಿಲ್ಸಿ ಆ ರಂಪಾಟವ' ಅಂತ ಸೌಟು ಕುಕ್ಕೋಳು. ಕಿವಿ ಕೇಳ್ದಿದ್ದಾಗ, ಅವ್ಳು ಇನ್ನೂ ಬೈತಾನೇ ಅವ್ಳೆ, ನಂಗೇ ಕೇಳ್ತಿಲ್ಲ ಅನ್ಕೊಂಡು ಇದ್ಬುಟ್ಟಿದ್ದೆ."

ಅದಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಏನೂ ಇರಲಿಲ್ಲ. ಯಂತ್ರ ಕಳಚಿಬಿಡುತ್ತಾರೇನೋ ಎಂದು ಅವರ ಕೈಯನ್ನೇ ನೋಡಿದೆ. ಆ ಕೈ ರೆಕಾರ್ಡನ್ನು ಮಗುಚಿತು.

"ಇನ್ನೊಂದು ಮಗ್ಗಲು ಅದೆ. ನಿಮ್ಗೆ ಒತ್ತಾಯ್ತಾ?"

ಬಸ್ಸಿಗೆ ಹೊತ್ತಾಗಿತ್ತು. ಆದರೂ ಕೂತೆ. ಅಲ್ಲಿಯವರೆಗೆ ಅಳತೆಗಾಗಿ ಕೇಳಿದ್ದೆ. ಆ ಇಪ್ಪತ್ತು ನಿಮಿಷ ಸುಮ್ಮನೆ ಕೇಳಿದೆ. ಹಾಡು ನನಗೆ ಹಿಡಿಸಿತೆಂದು ಹೇಳಲಾರೆ. ಪಕ್ಕದಲ್ಲಿ ಒಬ್ಬರು ಕೂತು ಕೇಳುತ್ತಿದ್ದರು, ಅದು ಹಿಡಿಸಿತು.

ಯಂತ್ರ ಅವರ ಕಿವಿಯಲ್ಲೇ ಉಳಿಯಿತು, ರೆಕಾರ್ಡುಗಳು ಮನೆಯಲ್ಲಿ. ಕೇಳಿಸುವಂತೆ ಮಾಡಿದರೆ ಸಾಕು ಎಂದು ನನಗೆ ಕಲಿಸಿದ್ದರು. ಕಿವಿ ತೆರೆದಾಗ ಯಾವ ದನಿ ಇನ್ನಿಲ್ಲವೋ ಅದೂ ಗೊತ್ತಾಗಿಬಿಡುತ್ತದೆ ಎಂಬುದನ್ನು ಕಲಿತದ್ದು ಭೀಮನಬೀಡಿನಲ್ಲಿ. ಈಗ ಯಾರಿಗೇ ಯಂತ್ರ ಕೊಡಲಿ, ಮೊದಲ ಸಲ ಹಾಕಿಕೊಂಡು ಮನೆಗೆ ಹೋಗುವಾಗ ಜೊತೆಗೆ ಯಾರಿರುತ್ತಾರೆ ಎಂದು ಕೇಳುತ್ತೇನೆ. ಯಾರೂ ಇಲ್ಲವೆಂದರೆ ನಾನೇ ಹೋಗುತ್ತೇನೆ.