ಖಾನಾಪುರದ ಕಬಡ್ಡಿಗೆ ಮಗಳನ್ನು ಕರೆದೊಯ್ದ ದಿನ

ಬೆಳಗಾವಿಗೆ ಬಂದಿಳಿದ ವಾರದಲ್ಲೇ ರವಿವಾರ ಪೇಟೆಯ ಕಿರಾಣಿ ಅಂಗಡಿಯವನು ನನ್ನ ಮಗಳ ತಲೆಯ ಮೇಲಿಂದ ಬಗ್ಗಿ, "ಪುಠಾಣಿ ಎಷ್ಟ ಬೇಕ್ರಿ ಬಾಯಾರ? ಅರ್ಧಾ ಕಿಲೋ ಕಟ್ಟಲೇನು?" ಎಂದ. ನಾನು ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡೆ. ನಮ್ಮ ಕೊಳ್ಳೇಗಾಲದಲ್ಲಿ ಪುಟಾಣಿ ಎಂದರೆ ಪುಟ್ಟ ಮಗು. ಐದು ವರ್ಷದ ಮಾನ್ಯಳನ್ನು ನಾನು ಕರೆಯುವುದೇ ಹಾಗೆ. ಇಲ್ಲಿ ಅದು ಹುರಿಗಡಲೆ. ಅವನು ಚೀಲದಿಂದ ಒಂದು ಹಿಡಿ ತೆಗೆದು ತೋರಿಸಿದಾಗ ನಾನೂ ನಕ್ಕೆ, ಮಾನ್ಯಳೂ ನಕ್ಕಳು.

ಆ ನಗು ಬಹಳ ದಿನ ಬಾಳಲಿಲ್ಲ.

ಗಂಡನಿಗೆ ಇಲ್ಲಿನ ಫೌಂಡ್ರಿಯೊಂದರಲ್ಲಿ ಕೆಲಸ, ನನಗೆ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ. ಅನಗೋಳದ ಓಣಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಊರಿನವರು ಫೋನಿನಲ್ಲಿ ಕೇಳುತ್ತಾರೆ, ಅಲ್ಲೂ ಕನ್ನಡವೇ ತಾನೇ, ಇನ್ನೇನು ಕಷ್ಟ ಎಂದು. ಅವರಿಗೆ ಹೇಗೆ ಹೇಳಲಿ? ತಮಿಳುನಾಡಿಗೆ ಹೋಗಿದ್ದರೆ ಬಾರದ ಭಾಷೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ನನ್ನದೇ ಭಾಷೆ, ಆದರೆ ನಾನು ಬಾಯಿ ತೆರೆದರೆ ತರಕಾರಿ ಮಾರುವವಳೂ ತಲೆಯೆತ್ತಿ ನೋಡುತ್ತಾಳೆ. "ಮೈಸೂರ ಕಡೀಯವ್ರೇನ್ರಿ?" ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಅವಳೇ ಆಮೇಲೆ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಾಳೆ. ಆದರೂ ದಿನಕ್ಕೆ ಹತ್ತು ಸಲ ಯಾವ ಕಡೆಯವಳು ಎಂದು ಹೇಳಿಕೊಳ್ಳುತ್ತಾ ಬದುಕುವುದು ಸುಸ್ತಿನ ಕೆಲಸ.

ದೊಡ್ಡವರು ಸುಸ್ತಾಗುತ್ತಾರೆ, ಮಕ್ಕಳು ಮುದುಡುತ್ತಾರೆ. ಒಂದು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಅಭ್ಯಾಸಬಲದಿಂದ "ಪುಟಾಣೀ, ಟಾಟಾ" ಎಂದುಬಿಟ್ಟೆ. ಸುತ್ತಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಂದಿನಿಂದ ತರಗತಿಯಲ್ಲಿ ಅವಳ ಹೆಸರು ಪುಠಾಣಿ. "ಕೂತ್ಕೊಳ್ಲಾ ಮಿಸ್?" ಎಂದರೂ ನಗು, "ಬೇಡ" ಎಂದರೂ ನಗು. ಕೆಲವೇ ದಿನಗಳಲ್ಲಿ ಅವಳು ಶಾಲೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದಳು. ಟೀಚರ್ ನನ್ನನ್ನು ಕರೆಸಿ, "ನಿಮ್ಮ ಹುಡುಗಿ ತುಟೀನ ಪಿಟಕ್ಕ ಅನ್ನಂಗಿಲ್ರಿ. ಕಿವಿ ಬರೋಬ್ಬರಿ ಕೇಳಸ್ತಾವೇನ್ರಿ ಅಕೀಗೆ?" ಎಂದರು. ಇಲ್ಲಿನ ಸದಾಶಿವನಗರದ ವೈದ್ಯರು ಪರೀಕ್ಷಿಸಿ ಕಿವಿ ಸರಿಯಾಗಿದೆ ಎಂದರು. ಸರಿಯಾಗಿ ಕೇಳಿಸುತ್ತಿದ್ದುದೇ ತೊಂದರೆಯಾಗಿತ್ತು.

ಆಮೇಲೆ ಮನೆಯಲ್ಲೂ ಮಾತು ಕಡಿಮೆಯಾಯಿತು. ಮುದ್ದೆಯ ತಟ್ಟೆ ಮುಂದಿಟ್ಟರೆ ಬೆರಳಿನಿಂದ ಅತ್ತ ಸರಿಸುತ್ತಿದ್ದಳು. ರೊಟ್ಟಿ ಬೇಕೇ ಎಂದರೆ ಹೂಂ ಎಂಬಂತೆ ತಲೆಯಾಡಿಸುತ್ತಿದ್ದಳು. ನಾನೂ ಅವಳ ಅಪ್ಪನೂ ಪಿಸುಮಾತಿನಲ್ಲಿ ಜಗಳವಾಡಿದೆವು. ವಾಪಸ್ ಹೋಗೋಣ ಎಂದು ನಾನು, ಹೋಗಿ ಏನು ಮಾಡೋಣ ಎಂದು ಅವನು.

ಈ ನಡುವೆ ಅವಳಿಗೆ ಸಿಕ್ಕ ಒಬ್ಬಳೇ ಗೆಳತಿ ರೇಣುಕಾ. ನಮ್ಮ ಕಾಲೇಜಿನ ಎರಡನೇ ವರ್ಷದ ಹುಡುಗಿ, ಕಬಡ್ಡಿ ತಂಡದ ಮುಖ್ಯ ರೈಡರ್. ಖಾನಾಪುರದ ಹತ್ತಿರದ ಹಳ್ಳಿಯ, ಎಮ್ಮೆ ಸಾಕುವ ಮನೆತನದವಳು. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ. ಶನಿವಾರ ನಾನು ಮಗಳನ್ನು ಲ್ಯಾಬಿಗೆ ಕರೆದುಕೊಂಡು ಹೋದರೆ, ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ಮಾನ್ಯಳಿಗೆ ಭಡಂಗ ತಿನ್ನಿಸುವಳು. ಭಡಂಗ ಎಂದರೆ ಬೆಳ್ಳುಳ್ಳಿ, ಖಾರ ಹಾಕಿ ಹುರಿದ ಮಂಡಕ್ಕಿ. ಮಾನ್ಯ ಮಾತಾಡದಿದ್ದರೂ ರೇಣುಕಾಳಿಗೆ ಅದರ ಚಿಂತೆಯಿರಲಿಲ್ಲ. ತಾನೇ ಇಬ್ಬರ ಮಾತನ್ನೂ ಆಡುತ್ತಿದ್ದಳು.

"ಮೇಡಂ, ನಮ್ಮ ಮ್ಯಾಚ್ ಖಾನಾಪುರದಾಗ ಐತಿ. ಈ ಪೋರೀನ್ನ ಕರಕೊಂಡ ಬರ್ರಿ. ನನ್ನ ಆಟ ನೋಡ್ಲಿ," ಎಂದಳು ಒಂದು ದಿನ. ಪೋರಿ ಎಂದರೆ ಹುಡುಗಿ.

ನಾನು ಹಿಂದೆಮುಂದೆ ನೋಡಿದೆ. ಗದ್ದಲ ಕಂಡರೆ ಮುದುಡುವ ಮಗು. ಆದರೆ ಮಾನ್ಯ ಆಗಲೇ ರೇಣುಕಾಳ ಕಿರುಬೆರಳು ಹಿಡಿದುಕೊಂಡಿದ್ದಳು.

ಕಾಲೇಜಿನ ಬಸ್ಸಿನಲ್ಲೇ ಹೋದೆವು. ಊರು ಮುಗಿದು ಗದ್ದೆ, ಮರಗಳು ಶುರುವಾದ ಮೇಲೆ ಮಣ್ಣು ಕೆಂಪಾಗುತ್ತಾ ಬಂತು. ಅಲ್ಲಿನ ಕಾಲೇಜಿನ ಮೈದಾನದಲ್ಲಿ ಹಗ್ಗ ಕಟ್ಟಿ, ಸುಣ್ಣದ ಗೆರೆ ಎಳೆದಿದ್ದರು. ಸುತ್ತ ಜನವೋ ಜನ. ಮಾನ್ಯ ಎರಡೂ ಕಿವಿ ಮುಚ್ಚಿಕೊಂಡು ನನ್ನ ತೊಡೆಯ ಮೇಲೆ ಕೂತಳು. ಊರ ತಂಡದ ಮೇಲೆ ಬೆಳಗಾವಿಯ ತಂಡ. ನಮ್ಮ ಪರ ಕೂಗುವವರು ಬಸ್ಸಿನಲ್ಲಿ ಬಂದ ನಾವಷ್ಟೇ. ಎದುರಿನ ಕಡೆಯಿಂದ "ಹಿಡೀ! ಹಿಡೀ!" ಎಂಬುದರ ಜೊತೆಗೇ "ಧರ್! ಧರ್!" ಎಂದು ಮರಾಠಿಯಲ್ಲೂ ಕೇಳುತ್ತಿತ್ತು. ಎರಡಕ್ಕೂ ಅರ್ಥ ಒಂದೇ, ಎರಡೂ ಒಂದೇ ಗಂಟಲಿನಿಂದ ಬರುತ್ತಿದ್ದವು.

ರೇಣುಕಾ ಅಂಕಣಕ್ಕೆ ಇಳಿದಾಗ ಆ ಕಡೆಯಿಂದ ಯಾರೋ ಮರಾಠಿಯಲ್ಲಿ ಏನೋ ಕೂಗಿದರು. ಜನ ಗೊಳ್ಳೆಂದರು. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯನ್ನು ಕೇಳಿದೆ.

"ಊರಿನ ಅನ್ನ ಉಂಡು ಪ್ಯಾಟಿ ಪರವಾಗಿ ಆಡಾಕ ಬಂದಾಳ ಅನ್ನಾಕತ್ತಾರ್ರಿ. ಒದರಿದಾವ ಅಕೀ ಸ್ವಂತ ಕಾಕಾನ," ಎಂದಳು ಅವಳು.

ರೇಣುಕಾ ಆ ಕಡೆ ನೋಡಲೇ ಇಲ್ಲ. ಮೊದಲ ಸಲ ಒಬ್ಬಳನ್ನು ಮುಟ್ಟಿ ಬಂದಳು, ಎರಡನೇ ಸಲ ಇಬ್ಬರನ್ನು. ಮಾನ್ಯ ಕಿವಿಯಿಂದ ಕೈ ತೆಗೆದಳು. ಆಮೇಲೆ ತೊಡೆಯಿಂದಿಳಿದು ಹಗ್ಗದ ಹತ್ತಿರ ಹೋಗಿ ನಿಂತಳು. ಅಷ್ಟು ದೂರ ನನ್ನನ್ನು ಬಿಟ್ಟು ಹೋಗಿ ಎಷ್ಟೋ ದಿನವಾಗಿತ್ತು.

ಆಟ ಇನ್ನೇನು ಮುಗಿಯಬೇಕು ಎನ್ನುವಾಗ ರೇಣುಕಾ ಕೊನೆಯ ಸಲ ಹೋದಳು. ಮೂಲೆಯ ಹುಡುಗಿ ಅವಳ ಪಾದ ಹಿಡಿದಳು, ಮತ್ತೊಬ್ಬಳು ಸೊಂಟ, ಆಮೇಲೆ ಎಲ್ಲರೂ ಮೇಲೆ ಬಿದ್ದರು. ರೇಣುಕಾ ಮಧ್ಯದ ಗೆರೆಯ ಕಡೆಗೆ ಕೈ ಚಾಚಿದಳು. ಆ ಕೈ ವಿಚಿತ್ರವಾಗಿ ತಿರುಗಿದ್ದು ನನಗೆ ಕಂಡಿತು. ಅವಳು ಚೀರಿದ್ದು "ಧರ್ ಧರ್" ಎಂಬ ಗದ್ದಲದಲ್ಲಿ ಮುಳುಗಿತು.

"ಬಿಡ್ರೀ ಅಕೀನ್ನ! ಬಿಡ್ರೀ!"

ಯಾರ ಮಗು ಹೀಗೆ ಕೂಗುತ್ತಿದೆ ಎಂದು ನಾನು ಸುತ್ತ ನೋಡಿದೆ. ನನ್ನದೇ ಮಗು. ಹಗ್ಗದ ಕೆಳಗೆ ನುಸುಳಿ ಅಂಕಣದೊಳಗೆ ಓಡಿ, ಆ ದೊಡ್ಡ ಹುಡುಗಿಯರ ಬೆನ್ನಿನ ಮೇಲೆ ಗುದ್ದುತ್ತಿದ್ದಳು. ಅಂಪೈರ್ ಸೀಟಿ ಊದಿದರು. ಆಮೇಲೆ ಇಡೀ ಮೈದಾನ ನಕ್ಕಿತು.

ನಾನು ಹಗ್ಗದ ಕಡೆಗೆ ಓಡಿದೆ. ನಗುವಿಗೇ ಹೆದರಿ ಬಾಯಿ ಮುಚ್ಚಿಕೊಂಡಿದ್ದ ಮಗು ಈಗ ಇಷ್ಟು ಜನರ ನಗುವಿನ ನಡುವೆ ನಿಂತಿತ್ತು. ಇನ್ನು ಇದು ಜನ್ಮದಲ್ಲಿ ಮಾತಾಡುವುದಿಲ್ಲ ಎನ್ನಿಸಿತು. ಮಾನ್ಯ ಕೆಂಪು ಮಣ್ಣಿನ ಕೈಯಿಂದ ಮುಖ ಒರೆಸಿಕೊಂಡಳು. ಜನರ ಕಡೆ ತಿರುಗಿ, ಗಂಟಲು ಹರಿಯುವಂತೆ ಕೂಗಿದಳು. "ಯಾಕ ನಗ್ತೀರಿ? ಅಕೀಗೆ ತ್ರಾಸ ಆಗೇತಿ!"

ಆಗ ಜನ ರೇಣುಕಾಳನ್ನು ನೋಡಿದರು. ಅವಳು ಎದ್ದಿರಲಿಲ್ಲ. ನಗು ನಿಂತಿತು. ಮೊದಲು ಹಗ್ಗ ದಾಟಿ ಓಡಿಬಂದವನು ಅವಳ ಚಿಕ್ಕಪ್ಪ, ಹಂಗಿಸಿ ಕೂಗಿದ್ದ ಆ ಕಾಕಾನೇ. ಭುಜದ ಕೀಲು ತಪ್ಪಿತ್ತು. ತರಬೇತುದಾರರು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು, ಕಾಕಾ ಜೊತೆಯಲ್ಲೇ ಹೋದ. ನಾವು ಸೋತೆವು.

ವಾಪಸು ಬರುವಾಗ ಮಾನ್ಯ ತಂಡದ ಹುಡುಗಿಯರ ನಡುವೆ ಕೂತು ಒಂದೇ ಸಮನೆ ಮಾತಾಡಿದಳು. ಐತಿ, ಅದಾಳ, ಹೋಗೂಣು, ಖರೇ. ಈ ಮಾತುಗಳನ್ನೆಲ್ಲ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ. ಒಂದೊಂದು ಮಾತಿಗೂ ನನ್ನ ಕಣ್ಣು ತುಂಬುತ್ತಿತ್ತು. ತಡೆಯಲಾರದೆ ಹತ್ತಿರ ಹೋಗಿ, "ಕಂದಾ, ನೀರು ಕುಡೀತೀಯಾ? ಕೈ ನೋವಾಯ್ತಾ?" ಎಂದೆ.

ಅವಳು ಹುಡುಗಿಯರ ಕಡೆ ಒಮ್ಮೆ ನೋಡಿ, ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಅಮ್ಮಾ, ನೀ ಹಂಗ ಮಾತಾಡಬ್ಯಾಡ. ನಗ್ತಾರ."

ನಾನು ನನ್ನ ಸೀಟಿಗೆ ಬಂದು ಕೂತೆ.

ಕೆಲವು ವಾರದ ಮೇಲೆ ರೇಣುಕಾ ಕೈಗೆ ಪಟ್ಟಿ ಕಟ್ಟಿಕೊಂಡು ಲ್ಯಾಬಿಗೆ ಬಂದಳು. ಈ ವರ್ಷ ಆಟವಿಲ್ಲ, ಮುಂದಿನದು ವೈದ್ಯರು ಹೇಳಬೇಕು. ಕಾಕಾ ಆಸ್ಪತ್ರೆಯಲ್ಲಿ ಅತ್ತನಂತೆ, ಆದರೂ ಆಟ ಸಾಕು ಎನ್ನುತ್ತಿದ್ದಾನಂತೆ. ಅವಳು ಕಿಟಕಿಯಾಚೆ ನೋಡುತ್ತಾ, "ನಮ್ಮೂರಾಗ ಅವತ್ತ ನನ್ನ ಸಲುವಾಗಿ ಒದರಿದಾಕಿ ನಿಮ್ಮ ಪೋರಿ ಒಬ್ಬಾಕೀನ ನೋಡ್ರಿ ಮೇಡಂ," ಎಂದಳು. ಚಹಾ ಕಾಸಿಕೊಟ್ಟೆ.

ಮಾನ್ಯ ಈಗ ಶಾಲೆಯಲ್ಲಿ ಮಾತಾಡುತ್ತಾಳೆ. ಟೀಚರಿಗೆ ಸಂತೋಷ, ಅವಳ ಅಪ್ಪನಿಗೆ ನೆಮ್ಮದಿ. ವಾಪಸ್ ಹೋಗುವ ಮಾತನ್ನು ನಾನೂ ಎತ್ತುವುದಿಲ್ಲ.

ಮೊನ್ನೆ ಭಾನುವಾರ ಕೊಳ್ಳೇಗಾಲದಿಂದ ಅಮ್ಮ ಫೋನ್ ಮಾಡಿದ್ದಳು. ಮೊಮ್ಮಗಳು ಫೋನ್ ಕಿತ್ತುಕೊಂಡು, ಸ್ಪೀಕರ್ ಹಾಕಿ, ಕಬಡ್ಡಿಯ ಕಥೆಯನ್ನೆಲ್ಲ ಉಸಿರು ಬಿಡದೆ ಹೇಳಿದಳು. ಅಮ್ಮ ಹೂಂ ಹೂಂ ಎನ್ನುತ್ತಿದ್ದವಳು ಕೊನೆಗೆ, "ನಂಗ ಒಂದೂ ಗೊತ್ತಾಗ್ನಿಲ್ಲ ಕನವ್ವ. ಊರ್ಗ ಯಾವಾಗ ಬಂದದು ಕೂಸು, ಕೇಳು," ಎಂದಳು.

ಮಾನ್ಯ ನನ್ನ ಮುಖ ನೋಡಿದಳು. "ಅಜ್ಜಿ ಏನಂತಾಳ?"

"ಊರಿಗೆ ಯಾವಾಗ ಬರ್ತಿ ಅಂತ ಕೇಳಾಕತ್ತಾಳ," ಎಂದೆ.

ಫೋನಿನ ಆ ಕಡೆಯಿಂದ ಅಮ್ಮ ಮೆಲ್ಲಗೆ ಕೇಳಿದಳು. "ಈಗ ಮಾತಾಡುದ್ದು ನೀನಾ?"